ನಲವತ್ತು ಫೈಲು, ಒಂದು ಬಾಲಂಗೋಚಿ

ಹೇಳಿಕೆ ಕೊಡುವವರ ಹೆಸರು: ಬಿಂದುಶ್ರೀ ಕೋಂ ಭಾನುಪ್ರಕಾಶ್
ವಯಸ್ಸು: 33 ವರ್ಷ
ಉದ್ಯೋಗ: ಸರ್ವರ್ ಉಸ್ತುವಾರಿ, ಅರಳಿಕಟ್ಟೆ ವೆಬ್ ಸೇವೆಗಳು, ಬಿ.ಎಚ್. ರಸ್ತೆ, ತುಮಕೂರು
ವಾಸ: ರೈಲ್ವೆ ಸ್ಟೇಷನ್ ರಸ್ತೆ, ಗುಬ್ಬಿ ಟೌನ್

ಈ ದಿನ ಬೆಳಿಗ್ಗೆ ತುಮಕೂರಿನಲ್ಲಿ ನಾನೇ ಸಹಿ ಮಾಡಿ ಕೊಟ್ಟ ದೂರಿಗೆ ವಿರುದ್ಧವಾಗಿ, ಈ ದಿನ ಸಂಜೆ ಕುಣಿಗಲ್ ಠಾಣೆಯಲ್ಲಿ ಪಿ.ಎಸ್.ಐ. ಗಂಗಾಂಬಿಕೆ ಮೇಡಂ ಅವರ ಎದುರು, ಯಾರೂ ಹೇಳಿಕೊಡದೆ ನಾನೇ ಹೇಳಿ ಬರೆಸುತ್ತಿರುವುದು ಏನೆಂದರೆ:

ನಾನು ಈ ಮೇಲ್ಕಂಡ ವಿಳಾಸದಲ್ಲಿ ಗಂಡನೊಂದಿಗೆ ವಾಸವಿದ್ದು, ದಿನಾಲೂ ಬಸ್ಸಿನಲ್ಲಿ 20 ಕಿ.ಮೀ. ದೂರದ ತುಮಕೂರಿಗೆ ಕೆಲಸಕ್ಕೆ ಹೋಗಿಬರುತ್ತೇನೆ. ನಮ್ಮ ಸಂಸ್ಥೆಯ ಮಾಲೀಕರು ವೆಂಕಟರಂಗಯ್ಯ, 58 ವರ್ಷ, ನನ್ನ ಗಂಡನ ಸೋದರಮಾವ. ಸಂಸ್ಥೆಯು ಜಿಲ್ಲೆಯ ನಲವತ್ತು ಗ್ರಾಹಕರ ವೆಬ್‌ಸೈಟುಗಳನ್ನು ಒಂದೇ ಸರ್ವರಿನಲ್ಲಿ ನಡೆಸುತ್ತದೆ. ಗುಬ್ಬಿಯ ಕಲ್ಯಾಣ ಮಂಟಪ, ಕೋರದ ತೆಂಗಿನ ಸಸಿ ನರ್ಸರಿ, ಹಿರೇಹಳ್ಳಿಯ ಲೇತ್ ವರ್ಕ್‌ಶಾಪ್, ವಸಂತನರಸಾಪುರದ ಕ್ಯಾಂಟೀನ್, ಒಂದು ಹೆರಿಗೆ ನರ್ಸಿಂಗ್ ಹೋಮ್, ಹೀಗೆ. ಹೇಳಿಕೆ ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಚಿಕ್ಕಬೋರಯ್ಯನವರು ಸರ್ವರ್ ಎಂದರೆ ಏನೆಂದು ನಾಳೆ ಮೇಲಿನವರು ಕೇಳುತ್ತಾರೆ, ಬರೆಸಿ ಎಂದದ್ದರಿಂದ ಬರೆಸುತ್ತಿದ್ದೇನೆ. ಸರ್ವರ್ ಎಂದರೆ ನಲವತ್ತು ಮನೆಯ ವಠಾರ. ಅದರ ಬಾಗಿಲಲ್ಲಿ ಕೂತಿರುವ ಪ್ರೋಗ್ರಾಮ್, ಬಂದವರು ಯಾವ ಮನೆ ಕೇಳಿದರೋ ಆ ಮನೆಗೆ ಕಳಿಸುತ್ತದೆ. ಯಾವ ಮನೆ ಎಲ್ಲಿದೆ ಎಂದು ಅದಕ್ಕೆ ಹೇಳಲು ಮನೆಗೊಂದು ಚೀಟಿ ಇರುತ್ತದೆ. ಆ ಚೀಟಿಗೆ ನಾವು ಕಾನ್ಫಿಗ್ ಫೈಲ್ ಎನ್ನುತ್ತೇವೆ.

ನನಗಿಂತ ಮೊದಲು 13 ವರ್ಷ ಈ ಸರ್ವರನ್ನು ನೋಡಿಕೊಂಡವರು ಸೀತಾರಾಮಯ್ಯ, 67 ವರ್ಷ, ಕುಣಿಗಲ್ ವಾಸಿ. ಇವರು ಅದಕ್ಕೂ ಮೊದಲು ತುಮಕೂರಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ರೀಡರ್ ಆಗಿದ್ದವರು. ಪ್ರೆಸ್ ಮುಚ್ಚಿದ ಮೇಲೆ ತಾವೇ ಪುಸ್ತಕ ಓದಿಕೊಂಡು ಕಂಪ್ಯೂಟರ್ ಕಲಿತವರು. ಕಳೆದ ಮಾರ್ಚ್‌ನಲ್ಲಿ ನಿವೃತ್ತರಾಗುವಾಗ ಆರು ದಿನ ಕೂತು ನನಗೆ ಕೆಲಸ ಒಪ್ಪಿಸಿದರು. ಒಪ್ಪಿಸಿದ ರೀತಿ ಹೇಗೆಂದರೆ, ಪ್ರತಿ ಫೈಲನ್ನು ನಾನು ಗಟ್ಟಿಯಾಗಿ ಓದಬೇಕು, ಅವರು ಕಣ್ಣು ಮುಚ್ಚಿಕೊಂಡು ಕೇಳಬೇಕು. ಚುಕ್ಕಿ ಇದ್ದರೆ ಚುಕ್ಕಿ ಅನ್ನಬೇಕು, ಗೆರೆ ಇದ್ದರೆ ಗೆರೆ ಅನ್ನಬೇಕು. ಪ್ರೆಸ್ಸಿನಲ್ಲಿ ಒಬ್ಬರು ಮೂಲ ಓದಿ ಇನ್ನೊಬ್ಬರು ಪ್ರೂಫ್ ನೋಡುತ್ತಿದ್ದ ಪದ್ಧತಿ ಅದಂತೆ. ಎಲ್ಲ ಫೈಲುಗಳ ಮೊದಲ ಸಾಲಿನಲ್ಲೂ ಶ್ರೀ ಎಂದು ಬರೆದಿದ್ದರು. ನನಗೆ ಇದೆಲ್ಲ ಮುದುಕರ ತಮಾಷೆ ಅನ್ನಿಸಿತು. ಎಂ.ಸಿ.ಎ. ಮಾಡಿದವಳ ಕೈಲಿ ಎರಡನೇ ಕ್ಲಾಸಿನ ಮಗುವಿನ ಹಾಗೆ ಓದಿಸುತ್ತಾರಲ್ಲ ಎಂದು ಒಳಗೊಳಗೇ ಉರಿಯುತ್ತಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾನು ಮಾಲೀಕರ ನೆಂಟಳಾದ ಕಾರಣ ಆಫೀಸಿನಲ್ಲಿ ನನ್ನನ್ನು ಹಿಂದಿನಿಂದ ಯಜಮಾನರ ಬಾಲಂಗೋಚಿ ಎಂದು ಕರೆಯುತ್ತಿದ್ದರು. ಅದು ನನ್ನ ಕಿವಿಗೂ ಬಿದ್ದಿತ್ತು. ಕೆಲಸ ಒಪ್ಪಿಸುತ್ತಿದ್ದ ನಾಲ್ಕನೇ ದಿನ ಮಧ್ಯಾಹ್ನ ಸುಮಾರು 12-45ಕ್ಕೆ ಸೀತಾರಾಮಯ್ಯನವರು ಎಲ್ಲರಿಗೂ ಕೇಳುವಂತೆ, "ನೋಡಮ್ಮ, ಈ ನಲವತ್ತಕ್ಕೂ ಬಾಲಂಗೋಚಿ ಇಲ್ಲ. ಮುಂದೆ ಒಂದು ದಿನ ಬೇಕಾಗುತ್ತೆ," ಎಂದರು. ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಅವರು ನನ್ನನ್ನೇ ಆಡಿಕೊಂಡರೆಂದು ತಿಳಿದು ನಾನು ಟಿಫಿನ್ ಡಬ್ಬಿ ತೆಗೆದುಕೊಂಡು ಎದ್ದು ಹೋದೆ. ಆ ಮಾತಿನ ಮುಂದಿನ ಅರ್ಧ ಏನಿತ್ತೋ ನಾನು ಕೇಳಲಿಲ್ಲ. ನಾನು ಸಿಡುಕಿ ಎಂಬುದು ನನ್ನ ಗಂಡನ ಮನೆಯವರಿಗೆಲ್ಲ ಗೊತ್ತಿರುವ ವಿಷಯ. ಚಿಕ್ಕಬೋರಯ್ಯನವರು ಇದು ಕೇಸಿಗೆ ಬೇಡ, ಬಿಡಿ ಎಂದರು. ಬೇಕು ಎಂದು ಹೇಳಿ ಬರೆಸಿದ್ದೇನೆ.

ಸರ್ವರಿನ ಸಾಫ್ಟ್‌ವೇರ್ ಬಹಳ ಹಳೆಯದಾಗಿತ್ತು. ಅದನ್ನು ಅಪ್‌ಗ್ರೇಡ್ ಮಾಡುವುದೆಂದು ನಿಶ್ಚಯಿಸಿ ದಿನಾಂಕ 13-11-2025ರಂದು ಎಲ್ಲ ಗ್ರಾಹಕರಿಗೂ ವಾಟ್ಸ್ಯಾಪ್‌ನಲ್ಲಿ ತಿಳಿಸಿದೆ. ಪಟ್ಟಿಯಲ್ಲಿ ಹೆಸರಿದ್ದ ಕಾರಣ ಅದು ಸೀತಾರಾಮಯ್ಯನವರಿಗೂ ಹೋಯಿತು. ಮಾರನೆಯ ದಿನ ಶುಕ್ರವಾರ ಬೆಳಿಗ್ಗೆ 11-20ಕ್ಕೆ ಅವರಿಂದ ನನಗೆ ಬಂದ ಉತ್ತರ, ಇದ್ದದ್ದು ಇದ್ದ ಹಾಗೆ: "ಅಪ್‌ಗ್ರೇಡ್ ಮಾಡುವ ವಿಷಯ ತಿಳಿಯಿತು. ಬಾಲಂಗೋಚಿ ಇಲ್ಲದೆ ಹಾರಿಸಬೇಡಿ. ಗೋತಾ ಹೊಡೆಯುತ್ತೆ." ಓದಿದ ಕೂಡಲೇ ನನಗೆ ಮೈಯೆಲ್ಲ ಬೆಂಕಿಯಾಯಿತು. ಎಂಟು ತಿಂಗಳಾದರೂ ಈ ಮನುಷ್ಯನ ಕೊಂಕು ಹೋಗಲಿಲ್ಲವಲ್ಲ ಎಂದುಕೊಂಡು ಉತ್ತರ ಕೊಡದೆ ಬಿಟ್ಟೆ.

ದಿನಾಂಕ 16-11-2025 ಭಾನುವಾರ ಮಧ್ಯಾಹ್ನ 2-30ಕ್ಕೆ ಶುರುಮಾಡಿ ಸಂಜೆ 5-40ಕ್ಕೆ ಅಪ್‌ಗ್ರೇಡ್ ಮುಗಿಸಿದೆ. ಕಾನ್ಫಿಗ್ ಸರಿಯಿದೆಯೇ ಎಂದು ಸರ್ವರನ್ನೇ ಕೇಳುವ ಒಂದು ಕಮಾಂಡ್ ಇದೆ. ಕೇಳಿದೆ. ಸಿಂಟ್ಯಾಕ್ಸ್ ಓಕೆ ಎಂದಿತು. ಒಂದೇ ಒಂದು ವೆಬ್‌ಸೈಟ್ ತೆರೆದು ನೋಡಿದೆ, ಚೆನ್ನಾಗಿಯೇ ಕಂಡಿತು. ನಾನು ನೋಡಿದ್ದು ನನ್ನ ಬ್ರೌಸರ್ ಮೊದಲೇ ಎತ್ತಿಟ್ಟುಕೊಂಡಿದ್ದ ಹಳೆಯ ಪ್ರತಿ ಎಂಬುದು ಆಗ ಹೊಳೆಯಲಿಲ್ಲ. 6-25ರ ಬಸ್ಸಿಗೆ ಗುಬ್ಬಿಗೆ ಹೋದೆ.

ಈ ದಿನ ಸೋಮವಾರ ಬೆಳಿಗ್ಗೆ 7-10ಕ್ಕೆ ಗುಬ್ಬಿಯ ಕಲ್ಯಾಣ ಮಂಟಪದ ಮ್ಯಾನೇಜರ್ ಹೊಂಬಾಳಮ್ಮ ಫೋನ್ ಮಾಡಿದರು. ಅವರ ಮಾತು ಹೀಗಿತ್ತು: "ಏನ್ ತಾಯಿ ಇದು, ಹುಡ್ಗಿ ಕಡೆಯವ್ರು ಡೇಟ್ ನೋಡಾನ ಅಂತ ನಮ್ ಛತ್ರುದ್ ವೆಬ್‌ಸೈಟ್ ತೆಗುದ್ರೆ ತಿಥಿ ಕಾರ್ಡ್ ಬತ್ತಾ ಐತೆ! ಯಾರೂ ಬರ್‌ಬ್ಯಾಡಿ ಅಂತ ಬೇರೆ ಬರ್ದವ್ರೆ. ಅವ್ರು ಎದ್ದೇ ಹೋದ್ರು ಕಣವ್ವ." ನಾನು ಒಲೆ ಆರಿಸಿ ಫೋನಿನಲ್ಲೇ ನೋಡಿದೆ. ಮಂಟಪದ ವಿಳಾಸದಲ್ಲಿ ಸುಮಾರು ಅರವತ್ತು ವರ್ಷದ ಹೆಂಗಸೊಬ್ಬರ ಫೋಟೋ, ಅದರ ಕೆಳಗೆ ಶ್ರೀಮತಿ ಕೌಸಲ್ಯ ಅವರ ವೈಕುಂಠ ಸಮಾರಾಧನೆ ಎಂದೂ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ, "ದಯವಿಟ್ಟು ಯಾರೂ ಬರಬೇಡಿ. ಇದ್ದಲ್ಲಿಂದಲೇ ನೆನೆಯಿರಿ" ಎಂದೂ ಇತ್ತು. ನರ್ಸರಿಯ ವಿಳಾಸ ಹಾಕಿದೆ, ಅದೇ ಬಂತು. ಹೆರಿಗೆ ನರ್ಸಿಂಗ್ ಹೋಮಿನ ವಿಳಾಸ ಹಾಕಿದೆ, ಅದೇ ಬಂತು. ನಲವತ್ತರಲ್ಲೂ ಅದೇ ಮುಖ, ಅದೇ ಮಾತು.

8-35ಕ್ಕೆ ಆಫೀಸು ತಲುಪಿ ಸರ್ವರ್ ತೆರೆದೆ. ನಲವತ್ತು ಫೈಲೂ ಅವು ಇರಬೇಕಾದ ಜಾಗದಲ್ಲೇ ಇದ್ದವು. ಒಂದಕ್ಷರ ಬದಲಾಗಿರಲಿಲ್ಲ. ಮೂರು ಸಲ ಸರ್ವರ್ ನಿಲ್ಲಿಸಿ ಶುರುಮಾಡಿದೆ. ಮೂರು ಸಲವೂ ಸಿಂಟ್ಯಾಕ್ಸ್ ಓಕೆ, ಮೂರು ಸಲವೂ ಕೌಸಲ್ಯ. ಎಲ್ಲ ಸರಿಯಿದ್ದೂ ಏನೂ ಸರಿಯಿಲ್ಲದ ಇಂಥದ್ದನ್ನು ನಾನು ಹತ್ತು ವರ್ಷದ ಕಂಪ್ಯೂಟರ್ ಕೆಲಸದಲ್ಲಿ ಕಂಡಿರಲಿಲ್ಲ. 9-15ಕ್ಕೆ ಮಾಲೀಕರು ಬರುವಷ್ಟರಲ್ಲಿ 26 ಫೋನ್ ಬಂದಿದ್ದವು. ಅವರು ಸ್ಕ್ರೀನ್ ನೋಡಿ, ಇದು ಸೀತಾರಾಮಯ್ಯನ ಹೆಂಡತಿ, ತೀರಿಕೊಂಡು ನಾಲ್ಕು ವರ್ಷವಾಯಿತು, ಅವನೇ ಬೇಕೆಂದು ಏನೋ ಮಾಡಿಟ್ಟು ಹೋಗಿದ್ದಾನೆ ಎಂದರು. ನಾನು ಆಗ ಸುಮ್ಮನಿರಬಹುದಿತ್ತು. ಸುಮ್ಮನಿರದೆ ಶುಕ್ರವಾರದ ಮೆಸೇಜ್ ತೋರಿಸಿದೆ. ಮಾಲೀಕರು ಓದಿ, "ಗೋತಾ ಹೊಡೆಯುತ್ತೆ ಅಂತ ಮುಂಚೇನೇ ಹೇಳವ್ನಲ್ಲ! ಇನ್ನೇನ್ ಸಾಕ್ಷಿ ಬೇಕು, ನಡಿ ಸ್ಟೇಷನ್‌ಗೆ," ಎಂದರು. 10-40ಕ್ಕೆ ತುಮಕೂರಿನಲ್ಲಿ ದೂರು ಕೊಟ್ಟೆವು. ಸೀತಾರಾಮಯ್ಯ ಎಂಬುವರು ದ್ವೇಷದಿಂದ ಸರ್ವರಿಗೆ ನುಗ್ಗಿ ಹಾಳುಮಾಡಿದ್ದಾರೆ, ಮುಂಚಿತವಾಗಿ ಬೆದರಿಕೆಯನ್ನೂ ಹಾಕಿದ್ದಾರೆ ಎಂಬ ಒಕ್ಕಣೆ ನನ್ನದೇ. ಅಕ್ಷರವೂ ನನ್ನದೇ.

ಅಲ್ಲಿಂದ ಕುಣಿಗಲ್ ಠಾಣೆಗೆ ಫೋನ್ ಹೋಗಿ, ಸೀತಾರಾಮಯ್ಯನವರನ್ನು ವಿಚಾರಣೆಗೆ ಕರೆಸಿರುವುದಾಗಿ ತಿಳಿಯಿತು. ನಾನೂ ಮಾಲೀಕರೂ ಲ್ಯಾಪ್‌ಟಾಪ್ ತೆಗೆದುಕೊಂಡು 12-05ಕ್ಕೆ ಕಾರಿನಲ್ಲಿ ಹೊರಟು, ಹೆಬ್ಬೂರು ದಾರಿಯಲ್ಲಿ 37 ಕಿ.ಮೀ. ಬಂದು, 1-20ಕ್ಕೆ ಈ ಠಾಣೆ ತಲುಪಿದೆವು. ದಾರಿಯುದ್ದಕ್ಕೂ ನಾನು ಅವರಿಗೆ ಏನೇನು ಕೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ.

ಒಳಗೆ ಬಂದು ನೋಡಿದರೆ, ಸೀತಾರಾಮಯ್ಯನವರು ಬೆಂಚಿನ ಮೇಲೆ ಕೂತಿದ್ದರು. ಬಲಗಣ್ಣಿಗೆ ಹತ್ತಿ ಇಟ್ಟು ಪಟ್ಟಿ ಅಂಟಿಸಿ, ಅದರ ಮೇಲೆ ಹಸಿರು ಬಟ್ಟೆ ಇಳಿಬಿಟ್ಟಿದ್ದರು. ಪಕ್ಕದಲ್ಲಿ ಅವರ ಮಗಳು ಅನನ್ಯ, ಇಲ್ಲಿಯ ಹೈಸ್ಕೂಲ್ ಟೀಚರ್, ಅವರ ಕೈ ಹಿಡಿದುಕೊಂಡಿದ್ದರು. ಶನಿವಾರ ಬೆಳಿಗ್ಗೆ ಅವರಿಗೆ ಪೊರೆ ಆಪರೇಷನ್ ಆಗಿದೆ, ಭಾನುವಾರ 11 ಗಂಟೆಗೆ ಮನೆಗೆ ಕಳಿಸಿದ್ದಾರೆ, ಎಡಗಣ್ಣಿಗೂ ಪೊರೆ ಬಂದು ಎದುರಿಗಿರುವವರು ನೆರಳಿನಷ್ಟೇ ಕಾಣುತ್ತಾರೆ, ಒಂದು ತಿಂಗಳು ಫೋನು ಕಂಪ್ಯೂಟರ್ ಮುಟ್ಟಬಾರದು, ಧೂಳಿನಲ್ಲಿ ಓಡಾಡಬಾರದು ಎಂದು ಡಾಕ್ಟರು ಬರೆದ ಚೀಟಿಯನ್ನು ಮಗಳು ಮೇಡಂ ಅವರಿಗೆ ಕೊಟ್ಟರು. ಮನೆಯಿಂದ ಠಾಣೆಗೆ 600 ಮೀಟರ್. ಪೊಲೀಸರು ಜೀಪಿನಲ್ಲಿ ಬನ್ನಿ ಎಂದರೂ, ಕಳ್ಳನ ಹಾಗೆ ಜೀಪಿನಲ್ಲಿ ಹೋಗಲಾರೆ ಎಂದು ಮಗಳ ಕೈ ಹಿಡಿದು ಪೇಟೆ ಬೀದಿಯಲ್ಲಿ ನಡೆದೇ ಬಂದರಂತೆ. ಅನನ್ಯ ಅವರು ನನ್ನನ್ನು ನೋಡಿ, "ಒಂದು ಫೋನ್ ಮಾಡಿ ಕೇಳೋಕೆ ಆಗ್ತಿರ್ಲಿಲ್ವಾ ನಿಮ್ಗೆ?" ಎಂದರು.

ನಮ್ಮ ಮಾಲೀಕರು ಅಷ್ಟಕ್ಕೂ ಬಿಡದೆ, ಆಪರೇಷನ್‌ಗೆ ಮೊದಲೇ ಏನೋ ಮಾಡಿಟ್ಟಿರಬಹುದಲ್ಲ ಎಂದು ವಾದಿಸಿದರು. ಮೇಡಂ ಅವರು ಗಡಿಯಾರ ನೋಡಿ, ದೂರು ಹೀಗೇ ನಿಂತರೆ ಸಂಜೆ 5 ಗಂಟೆಯೊಳಗೆ ಇವರನ್ನು ತುಮಕೂರಿಗೆ ಕಳಿಸಬೇಕಾಗುತ್ತದೆ, ಕೇಸ್ ದಾಖಲಾಗುತ್ತದೆ, ಆಮೇಲೆ ನನ್ನ ಕೈಲಿ ಇರುವುದಿಲ್ಲ, ಸರ್ವರಿಗೆ ಏನಾಗಿದೆ ಎಂದು ಅಷ್ಟರಲ್ಲಿ ನಿಮಗೆ ತೋರಿಸಲು ಆದರೆ ತೋರಿಸಿ ಎಂದು ನನಗೆ ಹೇಳಿದರು. ಆಗ ಸಮಯ 1-50.

ಸೀತಾರಾಮಯ್ಯನವರು ಆಗ ಮೊದಲ ಸಲ ಬಾಯಿ ತೆರೆದರು. ದೂರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ, ಸ್ಕ್ರೀನಿನಲ್ಲಿ ಯಾವ ಪುಟ ಕಾಣುತ್ತಿದೆ ಎಂದು ಕೇಳಿದರು. ಪೊಲೀಸರು ವೆಬ್‌ಸೈಟ್ ಹಾಳಾಗಿದೆ ಎಂದಷ್ಟೇ ಅವರಿಗೆ ಹೇಳಿದ್ದರು. ನಿಮ್ಮ ಮನೆಯವರ ಪುಟ ಸರ್ ಎಂದೆ. "ಕೌಸಲ್ಯಂದಾ? ಎಷ್ಟು ಕಡೆ?" ಎಂದರು. ನಲವತ್ತು ಕಡೆಯೂ ಎಂದೆ. ಅವರು ಹಸಿರು ಬಟ್ಟೆಯ ಅಂಚನ್ನು ಒಮ್ಮೆ ಮುಟ್ಟಿಕೊಂಡರು. ಆಮೇಲೆ, ಮೇಡಂ ಅವರ ಅಪ್ಪಣೆಯಾದರೆ ಫೈಲುಗಳನ್ನು ಓದಿಸಿ ಕೇಳುತ್ತೇನೆ ಎಂದರು. ಅಪ್ಪಣೆಯಾಯಿತು. ಠಾಣೆಯೊಳಗೆ ನನ್ನ ಸಿಮ್ಮಿಗೆ ಸಿಗ್ನಲ್ ಇರಲಿಲ್ಲ. ಅನನ್ಯ ಅವರು ತಮ್ಮ ಫೋನಿನ ಇಂಟರ್‌ನೆಟ್ ಹಂಚಿಕೊಂಡರು.

2-05ಕ್ಕೆ ನಾನು ಗುಬ್ಬಿ ಮಂಟಪದ ಫೈಲನ್ನು ತೆರೆದು ಮೊದಲ ಸಾಲಿನಿಂದ ಓದಲು ಹೋದೆ. ಅವರು ತಡೆದು, ಒಳಗಿರುವುದು ಬೇಡ, ಮೊದಲು ಫೈಲುಗಳ ಹೆಸರು ಮಾತ್ರ ಓದು, ಆದರೆ ಪ್ರೂಫ್ ಓದಿದ ಹಾಗೆ ಚುಕ್ಕಿ ಬಿಡದೆ ಓದು ಎಂದರು. ಮುಂದಿನದು ನಡೆದದ್ದು ನಡೆದ ಹಾಗೆ.

"ಕೌಸಲ್ಯ ಹೆಸರಿಂದು ಓದಮ್ಮ."

"ಕೌಸಲ್ಯ, ಚುಕ್ಕಿ, ಕಾನ್ಫ್."

"ಈಗ ಛತ್ರದ್ದು ಓದು."

"ಗುಬ್ಬಿ, ಅಡ್ಡಗೆರೆ, ಛತ್ರ."

"ಮುಂದೆ?"

"ಮುಂದೆ ಏನೂ ಇಲ್ಲ ಸರ್."

"ಅದೇ ಕಣಮ್ಮ. ಮುಂದೆ ಏನೂ ಇಲ್ಲ. ಬಾಲಂಗೋಚಿ ಇಲ್ಲ."

ಆಗ ನನಗೆ ಹೊಳೆಯಿತು. ಸರ್ವರಿನ ಹಳೆಯ ಆವೃತ್ತಿ ಆ ಫೋಲ್ಡರಿನಲ್ಲಿ ಏನಿದ್ದರೂ ಓದುತ್ತಿತ್ತು. ಹೊಸದು ಹೆಸರಿನ ಕೊನೆಗೆ ಚುಕ್ಕಿ ಕಾನ್ಫ್ ಎಂಬ ಬಾಲವಿದ್ದರೆ ಮಾತ್ರ ಓದುತ್ತದೆ. ಬಾಲ ಇಲ್ಲದ ಫೈಲು ಕಣ್ಣೆದುರಿಗೇ ಇದ್ದರೂ ಅದಕ್ಕೆ ಇಲ್ಲ. ಓದದೇ ಇದ್ದದ್ದರಲ್ಲಿ ತಪ್ಪು ಹುಡುಕುವುದು ಹೇಗೆ, ಆದ್ದರಿಂದಲೇ ಸಿಂಟ್ಯಾಕ್ಸ್ ಓಕೆ. ಬಾಲ ಇದ್ದದ್ದು ಒಂದೇ ಒಂದು ಫೈಲು. ವಠಾರದ ಬಾಗಿಲಲ್ಲಿ ಕೂತವನ ಕೈಯಲ್ಲಿ ಒಂದೇ ಚೀಟಿ ಇದ್ದರೆ, ಯಾರು ಯಾವ ಮನೆ ಕೇಳಿದರೂ ಅವನು ಆ ಒಂದೇ ಮನೆಗೆ ಕಳಿಸುತ್ತಾನೆ. ಯಾರೂ ನುಗ್ಗಿರಲಿಲ್ಲ, ಯಾರೂ ಕೆಡಿಸಿರಲಿಲ್ಲ. ನಾನು ಬೆಳಿಗ್ಗೆಯಿಂದ ಕಣ್ಣು ಬಿಟ್ಟುಕೊಂಡು ನೋಡಿ ಕಾಣದೆ ಹೋದದ್ದನ್ನು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮನುಷ್ಯ ಎರಡು ಹೆಸರು ಕೇಳಿ ಹೇಳಿದರು. ಇದನ್ನು ಹೀಗೇ ಬರೆಯಬೇಕೆಂದು ಕೇಳಿಕೊಂಡಿದ್ದೇನೆ.

ಗಾಳಿಪಟದ ಬಾಲಂಗೋಚಿ ನನಗೆ ಗೊತ್ತಿಲ್ಲದ್ದಲ್ಲ. ಆಷಾಢದಲ್ಲಿ ನಮ್ಮಣ್ಣ ಅಮ್ಮನ ಹಳೇ ಸೀರೆ ಹರಿದು ಕಟ್ಟುತ್ತಿದ್ದ. ಅದಿಲ್ಲದಿದ್ದರೆ ಪಟ ಗೋತಾ ಹೊಡೆದು ನೆಲಕ್ಕೆ ಬೀಳುತ್ತದೆ ಎಂಬುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಸೀತಾರಾಮಯ್ಯನವರು ಫೈಲಿನ ಬಾಲಕ್ಕೆ ಮೊದಲಿನಿಂದಲೂ ಆ ಮಾತನ್ನೇ ಬಳಸುತ್ತಿದ್ದರು. ಮಾರ್ಚ್‌ನಲ್ಲಿ ಅವರು ಹೇಳಿದ್ದು ಅದನ್ನೇ. ಶನಿವಾರ ಆಪರೇಷನ್, ಆಮೇಲೆ ಫೋನ್ ಮುಟ್ಟುವಂತಿಲ್ಲ ಎಂದು ಶುಕ್ರವಾರವೇ ನೆನಪಾಗಿ, ಮಂಜಾದ ಕಣ್ಣಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಕಳಿಸಿದ್ದೂ ಅದನ್ನೇ. ಅದು ಬೆದರಿಕೆಯಲ್ಲ, ನನ್ನನ್ನು ಕಾಪಾಡಲು ಕಳಿಸಿದ ಮಾತು. ಅದನ್ನು ನಾನು ಪೊಲೀಸರಿಗೆ ಸಾಕ್ಷಿಯಾಗಿ ಕೊಟ್ಟೆ.

ಆ ಒಂದಕ್ಕೆ ಮಾತ್ರ ಬಾಲ ಏಕಿತ್ತು ಎಂದು ಮೇಡಂ ಅವರು ಕೇಳಿದರು. ಸೀತಾರಾಮಯ್ಯನವರು ಹೇಳಿದ್ದು: ಉಳಿದ ನಲವತ್ತನ್ನು ಮಾಡಿದಾಗ ಇಂಥ ನಿಯಮ ಬರುತ್ತದೆಂದು ತಮಗೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ, ಗ್ರಾಹಕರ ಸೈಟು ನಡೆಯುತ್ತಿರುವಾಗ ಅದಕ್ಕೆ ಕೈ ಹಾಕಲು ಮನಸ್ಸಾಗಲಿಲ್ಲ. ಹೆಂಡತಿಯ ಪುಟ ಮಾಡಿದ್ದು 2021ರ ಮೇ ತಿಂಗಳು, ಕೊರೊನಾ ಜೋರಾಗಿದ್ದಾಗ. "ಅದನ್ನ ಮಾತ್ರ, ಮುಂದೆ ನಾನಿಲ್ದೆ ಇದ್ರೂ ಅಳಿಸಿ ಹೋಗ್ಬಾರ್ದು ಅಂತ ಬಾಲಂಗೋಚಿ ಹಚ್ಚಿದ್ದೆ," ಎಂದರು. ಯಾರೂ ಬರಬೇಡಿ ಎಂದು ಬರೆದದ್ದೂ ಅದಕ್ಕೇ. ಯಾರಾದರೂ ಬಂದು ಅವರಿಗೂ ಅಂಟಿದರೆ ಎಂಬ ಭಯ. ಸಮಾರಾಧನೆಯ ದಿನ ಮನೆಯಲ್ಲಿ ಇದ್ದವರು ಅವರು, ಮಗಳು, ಪುರೋಹಿತರು, ಒಟ್ಟು ಮೂರು ಜನ.

ಈ ಮಾತಾದ ಮೇಲೆ ನಮ್ಮ ಮಾಲೀಕರು ಎದ್ದು ಹೊರಗೆ ಹೋಗಿ ವರಾಂಡದಲ್ಲಿ ನಿಂತರು.

2-30ರಿಂದ ನಾನು ಒಂದೊಂದೇ ಫೈಲಿಗೆ ಬಾಲ ಸೇರಿಸುತ್ತ ಹೋದೆ. ಎಲ್ಲಕ್ಕೂ ಒಟ್ಟಿಗೆ ಸೇರಿಸುವ ಕಮಾಂಡ್ ನನಗೆ ಗೊತ್ತು. ಸೀತಾರಾಮಯ್ಯನವರು ಬೇಡ, ಒಂದೊಂದೇ ಮಾಡು, ಮೊದಲ ಸಾಲಿನಲ್ಲಿ ಶ್ರೀ ಇದೆಯೇ ಎಂದು ಪ್ರತಿಯೊಂದರಲ್ಲೂ ನೋಡಿ ಹೇಳು, ಇದ್ದರೆ ಅದು ನಾನು ಮಾಡಿದ ಹಾಗೇ ಇದೆ ಎಂದರ್ಥ ಎಂದರು. ಅವರು ಗೋಡೆಗೆ ತಲೆ ಆನಿಸಿಕೊಂಡು ಹೆಸರು ಹೇಳಿದರು, ನಾನು ಹುಡುಕಿದೆ. ನಲವತ್ತನ್ನೂ ಅವರು ಯಾವ ಪಟ್ಟಿಯೂ ಇಲ್ಲದೆ, ಗ್ರಾಹಕರು ಸೇರಿದ ಕ್ರಮದಲ್ಲೇ, ಯಾವ ವರ್ಷ ಯಾವ ತಿಂಗಳು ಎಂಬುದರ ಸಮೇತ ಹೇಳಿದರು. ಇಪ್ಪತ್ಮೂರನೆಯದಾದ ಕೋರದ ನರ್ಸರಿಗೆ ನಾನು ಬಾಲ ಸೇರಿಸಿ ಓದುವಾಗ, "ಚುಕ್ಕಿ ಕೇಳಿಸ್ಲಿಲ್ವಲ್ಲಮ್ಮ," ಎಂದರು. ನೋಡಿದರೆ ನಿಜವಾಗಿಯೂ ಚುಕ್ಕಿ ಹಾಕಿರಲಿಲ್ಲ. ಚಿಕ್ಕಬೋರಯ್ಯನವರು ಪೆನ್ನು ಕೆಳಗಿಟ್ಟು, ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಇಂಥ ಆರೋಪಿಯನ್ನು ನೋಡಿಲ್ಲ ಎಂದರು. ಮೇಡಂ ಅವರು, ಆರೋಪಿ ಎನ್ನಬೇಡಿ ಎಂದರು.

3-35ಕ್ಕೆ ನಲವತ್ತೂ ಮುಗಿಯಿತು. ಇನ್ನು ಸರ್ವರಿಗೆ ಫೈಲುಗಳನ್ನು ಮತ್ತೆ ಓದು ಎಂದು ಹೇಳುವುದಷ್ಟೇ ಬಾಕಿ. ನಾನು ಆ ಕಮಾಂಡ್ ಹೊಡೆಯಲು ಹೋದಾಗ ಅವರು ತಡೆದು, ಈಗಲೇ ಎಬ್ಬಿಸಿದರೆ ನಲವತ್ತೂ ಬಾಗಿಲು ಹಾಕಿಕೊಂಡು, ಒಳಗೆ ಬರಲು ಅನುಮತಿಯಿಲ್ಲ ಎನ್ನುತ್ತವೆ ಎಂದರು. ಕೌಸಲ್ಯ ಅವರ ಪುಟ ಸರ್ವರಿನ ಸ್ವಂತ ಫೋಲ್ಡರಿನಲ್ಲಿದೆ, ಗ್ರಾಹಕರ ಸೈಟುಗಳನ್ನು ಅವರು ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದಾರೆ. ಹಳೆಯ ಸರ್ವರ್ ಬಾಗಿಲು ತೆರೆದಿಟ್ಟುಕೊಂಡೇ ಇರುತ್ತಿತ್ತು, ಹೊಸದು ಚಿಲಕ ಹಾಕಿಕೊಂಡು ಕೂರುತ್ತದೆ, ಆ ಫೋಲ್ಡರಿಗೆ ಯಾರು ಬೇಕಾದರೂ ಬರಬಹುದು ಎಂಬ ಸಾಲು ಬರೆಯದೆ ತೆಗೆಯುವುದಿಲ್ಲ ಎಂದು ವಿವರಿಸಿದರು. ನಂಬಿಕೆ ಬರದೆ ನಾನು ಒಂದು ಸೈಟಿನ ನಕಲನ್ನು ಬೇರೆ ಕಡೆ ಇಟ್ಟು ಪರೀಕ್ಷಿಸಿದೆ. ಅವರು ಹೇಳಿದ ಮಾತೇ ಸ್ಕ್ರೀನಿನಲ್ಲಿ ಬಂತು. ಹೊಸ ಆವೃತ್ತಿಯನ್ನು ಅವರು ಒಂದು ದಿನವೂ ಮುಟ್ಟಿದವರಲ್ಲ, ಅದರ ಬಗ್ಗೆ ಓದಿದ್ದಷ್ಟೇ. ಕೈ ಮುಗಿಯಬೇಕು ಅನ್ನಿಸಿತು. ಅವರಿಗೆ ಕಾಣುವುದಿಲ್ಲ ಎಂದು ಸುಮ್ಮನಾದೆ. ಅವರು ಹೇಳಿಕೊಟ್ಟ ಸಾಲನ್ನು ಬರೆದು ಚುಕ್ಕಿ ಬಿಡದೆ ಓದಿ ಒಪ್ಪಿಸಿದೆ.

3-48ಕ್ಕೆ, ಈಗ ಹೊಡೆಯಲೇ ಸರ್ ಎಂದು ಕೇಳಿದೆ. ಅವರು, ನಿನ್ನೆ ಸಂಜೆಯಿಂದ ಆ ಪುಟವನ್ನು ಎಷ್ಟು ಜನ ನೋಡಿದ್ದಾರೆ ಎಂದು ಕೇಳಿದರು. ಬಂದುಹೋದವರ ದಾಖಲೆ ಸರ್ವರಿನಲ್ಲೇ ಇರುತ್ತದೆ. ಎಣಿಸಿ ನೋಡಿದೆ. ಭಾನುವಾರ 5-40ರಿಂದ ಆವರೆಗೆ, ಒಬ್ಬರನ್ನು ಒಮ್ಮೆ ಮಾತ್ರ ಲೆಕ್ಕ ಹಿಡಿದರೆ 4,316. ಅಂಕಿಯನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಮಗಳ ಕಡೆ ತಿರುಗಿ ಹೇಳಿದ್ದು: "ನಾಲ್ಕೂವರೆ ವರ್ಷದಲ್ಲಿ ಅರವತ್ತೊಂದು ಆಗಿತ್ತು ಕಣೆ. ಅದ್ರಲ್ಲಿ ಅರ್ಧ ನಾನೇ."

ಅನನ್ಯ ಅವರು ಅತ್ತರು. ಮೇಡಂ ಅವರು ಫ್ಯಾನ್ ಕಡೆ ನೋಡಿದರು.

3-52ಕ್ಕೆ ಸೀತಾರಾಮಯ್ಯನವರು ನನಗೆ, ತೊಂದರೆಯಿಲ್ಲದಿದ್ದರೆ ಒಂದು ನಿಮಿಷ ಬಿಟ್ಟು ಹೊಡಿ ಎಂದರು. ಹೊರಗೆ ಹೋಗಿದ್ದ ನಮ್ಮ ಮಾಲೀಕರು ಬಾಗಿಲಿಗೆ ಬಂದು ನಿಂತಿದ್ದರು, ಗ್ರಾಹಕರ ಫೋನ್ ಬರುತ್ತಿದ್ದರೂ ಎತ್ತಲಿಲ್ಲ. ಆ ಒಂದು ನಿಮಿಷದಲ್ಲಿ ಇನ್ನೂ ಮೂರು ಜನ ಆ ಪುಟ ನೋಡಿದ್ದು ದಾಖಲೆಯಲ್ಲಿದೆ. 3-53ಕ್ಕೆ ಸೀತಾರಾಮಯ್ಯನವರು, "ಸರಿ, ಹೊಡಿಯಮ್ಮ," ಎಂದರು. ಹೊಡೆದೆ.

4-05ರೊಳಗೆ ಎಲ್ಲ ವಿಳಾಸಗಳನ್ನೂ ನಾನೂ ಅನನ್ಯ ಅವರೂ ತೆರೆದು ನೋಡಿದೆವು. ಮಂಟಪದಲ್ಲಿ ಮಂಟಪ, ನರ್ಸರಿಯಲ್ಲಿ ಸಸಿ, ನರ್ಸಿಂಗ್ ಹೋಮಿನಲ್ಲಿ ತೊಟ್ಟಿಲಿನ ಚಿತ್ರ. ಹೊಂಬಾಳಮ್ಮ ಫೋನ್ ಮಾಡಿ, ಸರಿಹೋಯ್ತು ಕಣವ್ವ ಎಂದರು. ನಮ್ಮ ಮಾಲೀಕರು ಸೀತಾರಾಮಯ್ಯನವರ ಹತ್ತಿರ ಹೋಗಿ, "ತಪ್ಪಾಯ್ತು ಸ್ವಾಮಿ," ಎಂದರು. ನಾನು ಅಷ್ಟಕ್ಕೇ ನಿಲ್ಲುವುದಿಲ್ಲ. ಬೆಳಿಗ್ಗೆ ಬರವಣಿಗೆಯಲ್ಲಿ ಕೆಡಿಸಿದ ಹೆಸರನ್ನು ಬರವಣಿಗೆಯಲ್ಲೇ ಸರಿಮಾಡಬೇಕು. ಸೀತಾರಾಮಯ್ಯನವರು ಯಾವ ಅಪರಾಧವನ್ನೂ ಮಾಡಿಲ್ಲ. ತಪ್ಪು ನನ್ನದು. ಅವರ ಮಾತನ್ನು ಅರ್ಧಕ್ಕೆ ಬಿಟ್ಟು ಊಟಕ್ಕೆ ಎದ್ದವಳು ನಾನು, ಅವರ ಮೆಸೇಜನ್ನು ನನ್ನ ಸಿಟ್ಟಿನಲ್ಲಿ ಓದಿದವಳು ನಾನು. ಆದ್ದರಿಂದ ಈ ದಿನ ಬೆಳಿಗ್ಗೆ 10-40ಕ್ಕೆ ಕೊಟ್ಟ ದೂರನ್ನು ಪೂರ್ತಿಯಾಗಿ ಹಿಂತೆಗೆದುಕೊಳ್ಳುತ್ತೇನೆ. ಸರ್ವರಿನಲ್ಲಿದ್ದ ನಲವತ್ತು ವೆಬ್‌ಸೈಟುಗಳೂ ತಮ್ಮ ತಮ್ಮ ಜಾಗಕ್ಕೆ ಸೇರಿ ಸರಿಯಾಗಿರುತ್ತವೆ.

ಈ ಹೇಳಿಕೆಯನ್ನು ಚಿಕ್ಕಬೋರಯ್ಯನವರು ಗಟ್ಟಿಯಾಗಿ ಓದಿ ಹೇಳಿದರು. ನಾನು ಕೇಳಿದೆ. ಬೆಂಚಿನ ಮೇಲಿದ್ದ ಸೀತಾರಾಮಯ್ಯನವರೂ ಕಣ್ಣು ಮುಚ್ಚಿಕೊಂಡು ಕೇಳಿದರು. ಓದಿ ಮುಗಿದ ಮೇಲೆ ಅವರು, ಕೊನೆಯಲ್ಲಿ ಒಂದು ತಪ್ಪಿದೆ ಎಂದರು. ಯಾವುದು ಸರ್ ಎಂದೆ. "ನಲವತ್ತಲ್ಲಮ್ಮ, ನಲವತ್ತೊಂದು. ಅವಳೂ ತನ್ನ ಜಾಗಕ್ಕೆ ಹೋದಳಲ್ಲ," ಎಂದರು. ಅದರಂತೆ ಸರ್ವರಿನಲ್ಲಿದ್ದ ನಲವತ್ತು ಎಂದಿರುವುದನ್ನು ನಲವತ್ತೊಂದು ಎಂದು ಓದಿಕೊಳ್ಳತಕ್ಕದ್ದು. ತಿದ್ದಿದ ಜಾಗದಲ್ಲಿ ಸಹಿ ಹಾಕಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ, ಚುಕ್ಕಿ ಬಿಡದೆ, ಸರಿಯಾಗಿದೆ.

ಸ್ಥಳ: ಕುಣಿಗಲ್
ದಿನಾಂಕ: 17-11-2025, ಸಂಜೆ 5-25

ಸಹಿ: ಬಿಂದುಶ್ರೀ